ಬಯಲಿನ ಹೊಸ ಕಾವಲು

ಬೆಳೆ ಕಾಯುವುದಕ್ಕೆ ನಮ್ಮ ರೈತರು ಹೊಲದ ನಡುವೆ ಅಟ್ಟಣೆ ಕಟ್ಟುವುದುಂಟು. ನಾಲ್ಕು ಕಂಬ, ಮೇಲೊಂದು ಸೋಗೆಯ ಮಾಡು, ಕೈಯಲ್ಲೊಂದು ಕವಣೆ, ಇಷ್ಟೇ ಸಲಕರಣೆ. ಜೋಳದ ತೆನೆಗೆ ಗಿಳಿಯ ಹಿಂಡು ಎರಗಿದರೆ ಅಟ್ಟಣೆಯ ಮೇಲಿದ್ದವನು ಕೂಗು ಹಾಕಿ ಕವಣೆ ಬೀಸುತ್ತಾನೆ. ಹಂದಿ ನುಗ್ಗಿದರೆ ಇಳಿದು ಓಡುತ್ತಾನೆ. ಕಂಡವನೇ ಓಡುವವನೂ ಆಗಿರುವುದು ಈ ಕಾವಲಿನ ವಿಶೇಷ. ದೂರದ ಸ್ಥಾವರಗಳನ್ನು ಕಾಯಲು ಈಚೆಗೆ ಬಂದಿರುವ ಒಂದು ಸಾಧನವನ್ನು ಕುರಿತು ಯೋಚಿಸುವಾಗ ಈ ಸಂಗತಿಯನ್ನು ಮರೆಯಬಾರದೆಂದು ನನಗೆ ತೋರುತ್ತದೆ.

ಆ ಸಾಧನವೆಂದರೆ ತಾನಾಗಿ ಹಾರಿ ತಾನಾಗಿ ಇಳಿಯುವ ಡ್ರೋನ್ ಮತ್ತು ಅದು ತಂಗುವ ಪೆಟ್ಟಿಗೆ. ಪೆಟ್ಟಿಗೆಗೆ ಡಾಕಿಂಗ್ ಸ್ಟೇಷನ್ ಎಂದು ಹೆಸರು. ನಾವು ಗೂಡು ಎಂದು ಕರೆದರೆ ತಪ್ಪಾಗದು. ಗೊತ್ತುಮಾಡಿದ ಹೊತ್ತಿಗೆ ಗೂಡಿನ ಮುಚ್ಚಳ ತೆರೆದುಕೊಳ್ಳುತ್ತದೆ. ಡ್ರೋನ್ ಮೇಲೇರಿ, ಮೊದಲೇ ಗುರುತಿಸಿದ ಹಾದಿಯಲ್ಲಿ ಸುತ್ತಿ, ಚಿತ್ರಗಳನ್ನು ತೆಗೆದು ಹಿಂದಿರುಗುತ್ತದೆ. ಉಪಗ್ರಹಗಳ ಸಂಕೇತಗಳು ಅದನ್ನು ಗೂಡಿನ ಸಮೀಪಕ್ಕೆ ತರುತ್ತವೆ. ಕೊನೆಯ ಕೆಲವು ಮೀಟರುಗಳಲ್ಲಿ, ಗೂಡಿನ ನೆಲದ ಮೇಲೆ ಬಿಡಿಸಿರುವ ಗುರುತನ್ನು ತನ್ನ ಕೆಳಮುಖದ ಕ್ಯಾಮೆರಾದಿಂದ ನೋಡಿಕೊಂಡು ಇಳಿಯುತ್ತದೆ. ಅರ್ಧ ಮುಕ್ಕಾಲು ಗಂಟೆಗಿಂತ ಹೆಚ್ಚು ಹೊತ್ತು ಹಾರಲಾರದ ಈ ಯಂತ್ರ, ಗೂಡಿನಲ್ಲಿ ಬ್ಯಾಟರಿ ತುಂಬಿಸಿಕೊಂಡು ದಿನಕ್ಕೆ ಹಲವು ಬಾರಿ ಹೊರಡಬಲ್ಲದು. ಗಾಳಿ ಜೋರಾದರೆ, ಮಳೆ ಹನಿದರೆ, ಗೂಡಿಗೆ ಅಳವಡಿಸಿದ ಮಾಪಕಗಳು ಅದನ್ನು ತಡೆದು ನಿಲ್ಲಿಸುತ್ತವೆ.

ಇಂಥ ಗೂಡಿಗೆ ಹೇಳಿ ಮಾಡಿಸಿದಂತಹ ಬಯಲೊಂದು ನಮ್ಮಲ್ಲಿಯೇ ಇದೆ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆ ನೆಲದಲ್ಲಿ ಸೌರ ವಿದ್ಯುತ್ ಉದ್ಯಾನ ಹರಡಿಕೊಂಡಿದೆ. 2018ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಇದರ ಸಾಮರ್ಥ್ಯ 2,050 ಮೆಗಾವಾಟ್. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತಿ, ಮೇಲಿಂದ ಮೇಲೆ ಬರಗಾಲವನ್ನು ಕಂಡ ಸೀಮೆ ಅದು. ರೈತರು ನೆಲವನ್ನು ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಬಾಡಿಗೆಗೆ ಕೊಟ್ಟರು. ನೆಲವಿದ್ದವರಿಗೆ ಬಾಡಿಗೆ ಬಂತು. ಅದೇ ಹೊಲಗಳಲ್ಲಿ ಕೂಲಿಮಾಡುತ್ತಿದ್ದ ನೆಲವಿಲ್ಲದವರಿಗೆ ಹೊಲದ ಕೆಲಸ ತಪ್ಪಿತು. ಈ ಎರಡನೆಯ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಐವತ್ತು ಚದರ ಕಿಲೋಮೀಟರಿಗೂ ಮಿಗಿಲಾದ ಈ ಬಯಲಿನಲ್ಲಿ ಸಾಲುಸಾಲಾಗಿ ಫಲಕಗಳಿವೆ. ಒಂದು ಫಲಕದೊಳಗಿನ ಕೋಶಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಒಂದು ಕೋಶ ಬಿರುಕುಬಿಟ್ಟರೆ, ಅಥವಾ ಅದರ ಮೇಲೆ ಹಕ್ಕಿಯ ಹಿಕ್ಕೆ ಬಿದ್ದು ನೆರಳಾದರೆ, ಉಳಿದವು ಉತ್ಪಾದಿಸಿದ ವಿದ್ಯುತ್ತು ಅಲ್ಲಿ ತಡೆದು ಶಾಖವಾಗಿ ಮಾರ್ಪಡುತ್ತದೆ. ಹಾಗೆಯೇ ಬಿಟ್ಟರೆ ಫಲಕ ಸುಟ್ಟುಹೋಗಬಹುದು. ಬರಿಗಣ್ಣಿಗೆ ಇದು ಕಾಣಿಸದು. ಅವಕೆಂಪು ಕಿರಣಗಳನ್ನು ಗ್ರಹಿಸುವ ಕ್ಯಾಮೆರಾಕ್ಕೆ ಮಾತ್ರ ಹೊಳೆಯುವ ಚುಕ್ಕೆಯಾಗಿ ಕಾಣುತ್ತದೆ. ಸ್ವಾರಸ್ಯವೆಂದರೆ, ಈ ದೋಷ ಚೆನ್ನಾಗಿ ಕಾಣುವುದು ಬಿಸಿಲು ಪ್ರಖರವಾಗಿರುವಾಗಲೇ. ಅಂದರೆ ಮನುಷ್ಯನು ನೆರಳು ಹುಡುಕಬೇಕಾದ ಹೊತ್ತೇ ಪರೀಕ್ಷೆಗೆ ತಕ್ಕ ಹೊತ್ತು! ನಡುಹಗಲಿನಲ್ಲಿ ಪಾವಗಡದ ಬಯಲನ್ನು ಮೈಲಿಗಟ್ಟಲೆ ನಡೆದು ನೋಡು ಎಂದು ಒಬ್ಬ ಕೂಲಿಯವನಿಗೆ ಹೇಳುವುದು ನ್ಯಾಯವಲ್ಲ. ಆ ದುಡಿಮೆಯನ್ನು ಯಂತ್ರ ವಹಿಸಿಕೊಂಡರೆ ನಾನು ಸಂತೋಷಪಡುತ್ತೇನೆ.

ಗೂಡನ್ನು ಎಲ್ಲಿಟ್ಟರೂ ನಡೆಯುವುದಿಲ್ಲ. ಮೇಲೆ ಆಕಾಶ ತೆರೆದಿರಬೇಕು, ತಂತಿ ಕಂಬಗಳು ದೂರವಿರಬೇಕು, ಕೆಳಗೆ ಸಮನಾದ ಗಟ್ಟಿ ನೆಲಗಟ್ಟು ಬೇಕು. ಸಿಡಿಲಿಗೆ ರಕ್ಷಣೆ ಬೇಕು. ಕಾದ ಬ್ಯಾಟರಿಯನ್ನು ತುಂಬುವುದು ಅಪಾಯವಾದುದರಿಂದ ಗೂಡಿನೊಳಗೆ ತಂಪು ಬೇಕು. ನಡುವೆ ವಿದ್ಯುತ್ತು ಹೋದರೆ ಬದಲಿ ವ್ಯವಸ್ಥೆಯೂ ಬೇಕು. ಇವೆಲ್ಲ ಹಣದಿಂದಲೂ ಎಂಜಿನಿಯರರ ಜಾಣ್ಮೆಯಿಂದಲೂ ಆಗುವ ಕೆಲಸ.

ಆಗದೆ ಉಳಿಯುವುದು ಬೇರೆ. ಯಂತ್ರವು ಕಂಡಿತು, ಚಿತ್ರವನ್ನು ನೂರಾರು ಮೈಲಿ ಆಚೆಯ ಕಚೇರಿಗೆ ಕಳುಹಿಸಿತು. ಬಳಿಕ ಯಾರು ಹೋಗಬೇಕು? ಹಿಕ್ಕೆಯನ್ನು ಒರೆಸುವ ಕೈ, ಫಲಕವನ್ನು ಬದಲಿಸುವ ಕೈ, ಒಣಹುಲ್ಲಿಗೆ ಹತ್ತಿದ ಕಿಡಿಯನ್ನು ನಂದಿಸುವ ಕೈ ಬಯಲಿನಲ್ಲಿಯೇ ಇರಬೇಕಷ್ಟೆ. ಅಟ್ಟಣೆಯ ಮೇಲೆ ಒಂದಾಗಿದ್ದ ಕಣ್ಣನ್ನೂ ಕಾಲನ್ನೂ ಈ ಸಾಧನ ಬೇರೆಮಾಡುತ್ತದೆ. ಗೂಡಿಗೆ ಲಕ್ಷಗಟ್ಟಲೆ ವೆಚ್ಚಮಾಡಿ, ಅದೇ ನೆಪದಿಂದ ಕಾವಲುಗಾರರನ್ನೂ ಕೆಲಸಗಾರರನ್ನೂ ಮನೆಗೆ ಕಳುಹಿಸಿದರೆ ಚಿತ್ರಗಳು ಕಡತದಲ್ಲಿ ಬೆಳೆಯುತ್ತವೆ, ದೋಷಗಳು ಬಯಲಿನಲ್ಲಿ ಬೆಳೆಯುತ್ತವೆ.

ಮೇಲಿನಿಂದ ಕಾಣದ ದೋಷಗಳೂ ಉಂಟು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ತೂಬುಬಾಗಿಲು ಸರಪಳಿ ಕಡಿದು ಕೊಚ್ಚಿಹೋಯಿತು. ಕೊಂಡಿಯ ಸವೆತವನ್ನು ತಿಳಿಯಲು ಹತ್ತಿರ ಹೋಗಿ ಅಳೆದು, ತಟ್ಟಿ ನೋಡಬೇಕಾಗುತ್ತದೆ. ಎತ್ತರದಿಂದ ತೆಗೆದ ನೂರು ಚಿತ್ರಗಳು ಅದಕ್ಕೆ ಸಮನಾಗವು.

ಕೂಲಿಯವರ ಮಾತಿಗೆ ಬರೋಣ. ಹೊಲದ ಕೆಲಸ ತಪ್ಪಿದ ಮನೆಗಳ ಮಕ್ಕಳಿಗೇ ಈ ಗೂಡುಗಳನ್ನು ನೋಡಿಕೊಳ್ಳುವ ವಿದ್ಯೆಯನ್ನು ಕಲಿಸಬೇಕೆಂಬುದು ನನ್ನ ಅಭಿಪ್ರಾಯ. ರೆಕ್ಕೆಯ ಬಿರುಕನ್ನು ಪರೀಕ್ಷಿಸುವುದು, ಕ್ಯಾಮೆರಾದ ಧೂಳು ತೆಗೆಯುವುದು, ಚಿತ್ರದಲ್ಲಿ ದೋಷ ಯಾವುದು, ಬರಿಯ ನೆರಳು ಯಾವುದು ಎಂದು ಗುರುತಿಸುವುದು ಹತ್ತನೆಯ ತರಗತಿ ಮುಗಿಸಿದವರಿಗೆ ನಿಲುಕದ ವಿದ್ಯೆಯೇನಲ್ಲ. ನಮ್ಮ ದೇಶದ 2021ರ ಡ್ರೋನ್ ನಿಯಮಗಳು ಹಾರಿಸುವವರಿಗೆ ತರಬೇತಿಯನ್ನೂ ಪ್ರಮಾಣಪತ್ರವನ್ನೂ ವಿಧಿಸಿವೆ. ತರಬೇತಿಯ ವೆಚ್ಚವನ್ನು ಗೂಡು ಇಡುವವರೇ ಹೊರಬಹುದು.

ಇನ್ನೊಂದು ಸೂಕ್ಷ್ಮವಿದೆ. ಉದ್ಯಾನದ ನಡುವೆಯೂ ಅಂಚಿನಲ್ಲಿಯೂ ಊರುಗಳಿವೆ. ಊರೆಂದ ಮೇಲೆ ಹಿತ್ತಿಲು, ಬಚ್ಚಲು, ಮಾಳಿಗೆಯ ಮೇಲೆ ಮಲಗುವ ಜನ. ಫಲಕಗಳನ್ನು ಕಾಯುವ ಕ್ಯಾಮೆರಾಕ್ಕೆ ಇವರ ಅಂಗಳವನ್ನು ನೋಡುವ ಹಕ್ಕಿಲ್ಲ. ಹಾರುವ ಹಾದಿಯನ್ನು ಯಂತ್ರದ ಸ್ಮೃತಿಯಲ್ಲಿ ತುಂಬುವ ಮೊದಲು ಗ್ರಾಮಸಭೆಯ ಮುಂದೆ ಇಡಬೇಕು. ಬೇಡವೆಂದ ಕಡೆ ಬೇಲಿ ಹಾಕಬೇಕು. ಇದು ಕಷ್ಟದ ಕೆಲಸವೂ ಅಲ್ಲ. ಯಂತ್ರಕ್ಕೆ ಅಂಥ ಗಡಿಯನ್ನು ವಿಧಿಸಲು ಬರುತ್ತದೆ. ಗೂಡಿನ ಬಳಿ ಒಂದು ಹಲಗೆಯನ್ನೂ ನಿಲ್ಲಿಸಲಿ: ಯಾವ ಹೊತ್ತಿಗೆ ಹಾರುತ್ತದೆ, ಎಲ್ಲಿಯವರೆಗೆ ಹೋಗುತ್ತದೆ, ಚಿತ್ರಗಳು ಯಾರ ಕೈ ಸೇರುತ್ತವೆ, ದೂರಿದ್ದರೆ ಯಾರನ್ನು ಕಾಣಬೇಕು ಎಂಬುದೆಲ್ಲ ಅದರಲ್ಲಿರಲಿ. ಕನ್ನಡದಲ್ಲಿ ಬರೆಯಲಿ, ಪಾವಗಡ ಆಂಧ್ರದ ಗಡಿಯ ಸೀಮೆಯಾದುದರಿಂದ ಕೆಳಗೆ ತೆಲುಗಿನಲ್ಲಿಯೂ ಬರೆಯಲಿ.