ನಮ್ಮೂರಿನವನೇ, ಆದರೆ ಯಾರ ಕಡೆಯವನು?

ಫರಂಗಿಪೇಟೆಯಲ್ಲಿ ಐದು ಸೆಂಟ್ಸ್ ಜಾಗ ತಗೊಳ್ಳೋಕೆ ಅಪ್ಪ ಆರ್‌ಟಿಸಿ, ಇಸಿ ಹಿಡ್ಕೊಂಡು ಬಿ.ಸಿ.ರೋಡಿನ ವಕೀಲರ ಹತ್ತಿರ ಮೂರು ಸಲ ಅಲೆದಿದ್ದರು. ಬಿಇ ಓದಿದ ನಾನು ದುಬೈನಲ್ಲಿ ಇನ್ನೂ ಕಟ್ಟದ ಫ್ಲ್ಯಾಟಿಗೆ ಬೆಂಗಳೂರಲ್ಲಿ ಕೂತು ವಾಟ್ಸಾಪಿನಲ್ಲೇ ಮುಂಗಡ ಕೊಡಲು ಹೊರಟಿದ್ದೆ. ಯಾಕೆ? ಏಜೆಂಟ್ ನಮ್ಮೂರಿನವ, ತುಳು ಮಾತಾಡ್ತಾನೆ. ತುಳು ಬಂದರೆ ಸಾಕಾ ಮಾರಾಯ್ರೆ? ಅವನಿಗೆ ಕಮಿಷನ್ ಕೊಡುವುದು ಬಿಲ್ಡರ್. ಅಂದಮೇಲೆ ಅವನು ನಮ್ಮ ಪರ ಯಾಕೆ ಮಾತಾಡಬೇಕು?

ದುಬೈನಲ್ಲಿ 2007ರಿಂದಲೇ ಕಾನೂನಿದೆ: ಕಟ್ಟುವ ಮೊದಲೇ ಮಾರುವ ಮನೆಗಳ ದುಡ್ಡು ಆ ಪ್ರಾಜೆಕ್ಟಿನ ಎಸ್ಕ್ರೊ ಖಾತೆಗೇ ಹೋಗಬೇಕು. ಇವನು ಕಳಿಸಿದ್ದು ತನ್ನ ಸ್ವಂತ ಖಾತೆ ನಂಬರು! ಬ್ರೋಕರ್ ನೋಂದಣಿ ಸಂಖ್ಯೆ ಕೇಳಿದರೆ, "ಊರಿನವರ ಮೇಲೆ ನಂಬಿಕೆ ಇಲ್ವಾ?" ಅಂದ.

ಕೊನೆಗೆ ನಾನೇ ಫೀಸು ಕೊಟ್ಟು ಅಲ್ಲಿನ ವಕೀಲರೊಬ್ಬರನ್ನು ಹಿಡಿದೆ. ಅವರಿಗೆ ತುಳು ಬರಲ್ಲ. ಕರಾರು ಓದಿ, ಸಹಿ ಹಾಕಬೇಡಿ ಅಂದರು.