ಕೊಳ್ಳುವವನು ಒಬ್ಬನೇ ಆದರೆ...

ಕಾಳುಮೆಣಸಿನ ಚರಿತ್ರೆ ಓದುವಾಗೆಲ್ಲ ನಾನು ಹುಡುಕುವುದು ಒಂದನ್ನೇ: ಬೆಳೆದವನ ಗತಿ ಏನಾಯ್ತು?

1663ರಲ್ಲಿ ಡಚ್ಚರು ಪೋರ್ಚುಗೀಸರ ಕೈಯಿಂದ ಕೊಚ್ಚಿಯನ್ನು ಕಿತ್ತುಕೊಂಡರು. ಮಲಬಾರಿನ ರಾಜರುಗಳ ಜತೆ ಕರಾರು ಮಾಡಿಕೊಂಡರು. ಮೆಣಸು ನಮಗೆ ಮಾತ್ರ ಕೊಡಬೇಕು, ದರ ಇಷ್ಟೇ ಅಂತ. ಆದರೆ ಹೆಚ್ಚು ಕ್ರಯ ಕೊಡುವವರು ಬೇರೆ ಕಡೆ ಇದ್ದರಲ್ಲ! ಮೆಣಸು ಎತ್ತಿನ ಬೆನ್ನೇರಿ, ಘಟ್ಟ ದಾಟಿ, ತಮಿಳು ಸೀಮೆಗೆ ಹೋಯಿತು. ಅಂಜೆಂಗೋ ಕೋಟೆಯಲ್ಲಿ ಇಂಗ್ಲಿಷರೂ ಕಾದಿದ್ದರು. ಕಂಪೆನಿಗಳ ಜಗಳದಲ್ಲಿ ಬೆಳೆಗಾರನಿಗೆ ಸಿಕ್ಕಿದ ಉಸಿರು ಅಷ್ಟೇ.

1741ರಲ್ಲಿ ತಿರುವಾಂಕೂರಿನ ಮಾರ್ತಾಂಡ ವರ್ಮ ಕೊಳಚಲ್‌ನಲ್ಲಿ ಡಚ್ಚರನ್ನು ಸೋಲಿಸಿದ. ಹೆಮ್ಮೆಯ ಸಂಗತಿಯೇ. ಆದರೆ ಮೆಣಸಿನ ವ್ಯಾಪಾರವನ್ನು ಸರಕಾರದ ಏಕಸ್ವಾಮ್ಯ ಮಾಡಿದವನೂ ಅವನೇ. 1753ರ ಮಾವೇಲಿಕ್ಕರ ಒಪ್ಪಂದದಲ್ಲಿ ಅದೇ ಡಚ್ಚರಿಗೆ ನಿಗದಿ ದರದಲ್ಲಿ ಮೆಣಸು ಕೊಡಲು ಒಪ್ಪಿದ. ಬದಲಿಗೆ ಅವನಿಗೆ ಮದ್ದುಗುಂಡು. ಧಣಿ ಬದಲಾದ, ಬಳ್ಳಿ ನೆಟ್ಟವನ ಕಟ್ಟು ಬಿಚ್ಚಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಕೊಳ್ಳುವವನು ಪರದೇಶಿಯೋ ನಮ್ಮವನೋ ಎಂಬುದು ಎರಡನೆಯ ಮಾತು. ಎಷ್ಟು ಜನ ಕೊಳ್ಳುವವರಿದ್ದಾರೆ ಎಂಬುದು ಮೊದಲನೆಯದು. "ನಮಗೇ ಕೊಡಿ, ದರ ಖಾತ್ರಿ" ಎಂದು ಕಾಗದ ಹಿಡಿದು ಯಾರಾದರೂ ಅಂಗಳಕ್ಕೆ ಬಂದರೆ ಎರಡೇ ಪ್ರಶ್ನೆ ಕೇಳಿ. ಪೇಟೆ ಏರಿದರೆ ನಮ್ಮ ದರವೂ ಏರ್ತದಾ? ಒಗ್ಗದಿದ್ದರೆ ಬೇರೆಯವರಿಗೆ ಮಾರಬಹುದಾ?

ಉತ್ತರ 'ಇಲ್ಲ' ಎಂದಾದರೆ ಸಹಿ ಬೇಡ. ಚೆನ್ನಾಗಿ ಒಣಗಿದ ಮೆಣಸು ವರ್ಷವಾದರೂ ಕೆಡುವುದಿಲ್ಲ. ಕೈಸಾಲದ ಅವಸರ ಇಲ್ಲದಿದ್ದರೆ, ಕಾಯುವ ಶಕ್ತಿ ನಮ್ಮ ಗೋಣಿಯೊಳಗೇ ಇದೆ.