ರಜೆಗೆ ಒಂದು ಆಟ, ಒಂದು ಕಥೆ

ಮಕ್ಕಳೇ, ದಸರಾ ರಜೆಗೆ ಹೊಳೆನರಸೀಪುರಕ್ಕೆ ಬಂದ ಮೊಮ್ಮಗಳು ‘ವೆಣ್ಬಾ’ ಎಂಬ ವಿಡಿಯೋ ಗೇಮ್ ಆಡಿಸಿದಳು. 2023ರಲ್ಲಿ ಕೆನಡಾದ ಪುಟ್ಟ ತಂಡವೊಂದು ಮಾಡಿದ್ದು. ಇಂಥವಕ್ಕೆ ‘ಇಂಡಿ’ ಗೇಮ್ ಅಂತಾರಂತೆ. ಅಲ್ಲಿಗೆ ವಲಸೆ ಹೋದ ತಮಿಳು ತಾಯಿ, ತನ್ನಮ್ಮನ ಹರಿದ ಅಡುಗೆ ಪುಸ್ತಕದಲ್ಲಿ ಅಳಿಸಿಹೋದದ್ದನ್ನು ಊಹಿಸಿ ಅಡುಗೆ ಮಾಡಬೇಕು. ಮೊದಲನೆಯದೇ ಇಡ್ಲಿ! ಬ್ಯಾಂಕಿನಲ್ಲಿ ಲೆಡ್ಜರ್ ತಾಳೆ ಹಾಕಿದ ನಾನು ಎರಡು ಸಲ ಕೆಡಿಸಿದೆ. ಖಂಡಿತ ಆಡಿ.

ಆಮೇಲೆ ಜಪಾನಿನ ಅನಿಮೆ ‘ಫ್ರೀರೆನ್’ ನೋಡಿದೆವು. ಸಾವಿರ ವರ್ಷ ದಾಟಿದ ಮಾಂತ್ರಿಕೆ ಅವಳು. 10 ವರ್ಷ ಜೊತೆಗೆ ನಡೆದ ಗೆಳೆಯ ಮುದುಕನಾಗಿ ತೀರಿಕೊಂಡಾಗ, ಅವನನ್ನು ಅರಿಯುವ ಪ್ರಯತ್ನವನ್ನೇ ಮಾಡಲಿಲ್ಲವಲ್ಲ ಎಂದು ಅಳುತ್ತಾಳೆ.

ಟಿವಿ ಆರಿಸಿದ ಮೊಮ್ಮಗಳು, “ತಾತ, ಅಜ್ಜಿ ಇಡ್ಲಿಗೆ ಎಷ್ಟು ಉದ್ದು ಹಾಕ್ತಿದ್ರು?” ಅಂದಳು. 40 ವರ್ಷ ತಿಂದಿದ್ದೆ, ಕೇಳಿರಲಿಲ್ಲ. ಅರಕಲಗೂಡಿನ ನಾದಿನಿಗೆ ಫೋನ್ ಮಾಡಿದೆವು.